ಈರುಳ್ಳಿ ಸಿಪ್ಪೆಯ ಹಾಳೆ

ಅಡುಗೆಮನೆಯ ಮೇಜು
ಮಂಗಳವಾರ, ಮಾರ್ಚ್ ೧೧

ನನ್ನ ಗುಬ್ಬಿ, ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಬಿಸಿನೀರು ಕುಡಿ ಎಂದರೆ ಫೋನಿನಲ್ಲಿ ಹೂಂ ಅನ್ನುತ್ತೀಯ, ನಿನ್ನ ಹೂಂ ಎಷ್ಟರಮಟ್ಟಿಗೆ ನಂಬಬೇಕೆಂದು ನನಗೆ ಗೊತ್ತು. ಆ ಬಾಟಲಿ ಕಾರ್ಖಾನೆಯಲ್ಲಿ ದಿನವಿಡೀ ಮುಚ್ಚಳ ತಿರುಗಿಸಿ ಪರೀಕ್ಷೆ ಮಾಡಿ ನಿನ್ನ ಮಣಿಕಟ್ಟು ನೋಯುತ್ತಿದೆಯೆಂದು ಅಮ್ಮ ಹೇಳಿದಳು. ಶುಕ್ರವಾರ ಅಲ್ಲೇ ಖಾಯಂ ಕೆಲಸಕ್ಕೆ ಸಹಿ ಹಾಕುತ್ತೀಯಂತೆ, ಅದನ್ನೂ ಹೇಳಿದಳು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಬೇಕರಿ ಮುಚ್ಚಿ ನಾಲ್ಕು ವರ್ಷವಾದರೂ ನಸುಕಿಗೇ ಎಚ್ಚರವಾಗುತ್ತದೆ. ಎದ್ದು ಮಾಡಲು ಕೆಲಸವಿಲ್ಲ, ಅಮ್ಮನ ಹತ್ತಿರ ಬೈಸಿಕೊಳ್ಳುವುದೊಂದು ಬಿಟ್ಟು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀನು ಹೂಂ ಅಂದು ಮುಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಸುದ್ದಿ ಕೇಳು. ಬಿಸ್ಕತ್ತು ಸುತ್ತುವ ನಿನ್ನ ಹಾಳೆ ಕೆಟ್ಟಿರಲಿಲ್ಲ. ನಿನ್ನೆ ಮತ್ತೆ ಪರೀಕ್ಷೆಯಾಯಿತು, ಗೆದ್ದಿತು. ಎಂಟು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ನಿನ್ನೆ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಜನವರಿಯಲ್ಲಿ ರುಚಿ ನೋಡಲು ನೀನು ಕರೆದ ನಾವು ಐವರು, ನಾನು, ವಾಚ್‌ಮನ್, ಗ್ರಂಥಾಲಯದ ಅಕ್ಕ, ಇನ್ನಿಬ್ಬರು, ನಿನ್ನ ಪ್ರಯೋಗಾಲಯದಲ್ಲಿ ಕೂತು ಬಿಸ್ಕತ್ತು ಮೂಸಿ, ತಿಂದು, ಚೀಟಿ ಬರೆದೆವಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಪಿಷ್ಟದ ಹಾಳೆಗೆ ಈರುಳ್ಳಿ ಸಿಪ್ಪೆಯ ಸಾರ ಬೆರೆಸಬೇಕು, ಅದರಲ್ಲಿ ಸುತ್ತಿದ ಬೆಣ್ಣೆ ಬಿಸ್ಕತ್ತು ಎರಡು ತಿಂಗಳಾದರೂ ಕಮಟಾಗಬಾರದು, ಹಾಳೆ ಮಾತ್ರ ಮಣ್ಣಿಗೆ ಬಿದ್ದರೆ ಕರಗಿಹೋಗಬೇಕು ಎಂದು ನೀನು ಎರಡು ವರ್ಷ ಒದ್ದಾಡಿದೆ. ಸಿಪ್ಪೆಯಲ್ಲಿರುವ ಆ ಗುಣಕ್ಕೆ ನೀನು ಹೇಳುವ ಉದ್ದನೆಯ ಹೆಸರು ನನ್ನ ನಾಲಿಗೆಗೆ ಇನ್ನೂ ಹೊರಳಿಲ್ಲ. ಕುಂಡದಲ್ಲಿ ಹೂತ ಹಾಳೆ ಕರಗಿತ್ತು, ಯಂತ್ರ ಕೊಟ್ಟ ಅಂಕಿಗಳೂ ಚೆನ್ನಾಗಿದ್ದವು. ಕೈಕೊಟ್ಟದ್ದು ನಮ್ಮ ಚೀಟಿಗಳು. ಐದಕ್ಕೆ ಐದೂ 'ಕಮಟು'. ಜನ ತಿನ್ನದ ಬಿಸ್ಕತ್ತಿಗೆ ಹಾಳೆ ಕಟ್ಟಿ ಏನು ಪ್ರಯೋಜನ ಎಂದು ದೊಡ್ಡ ಮೇಡಂ ಕಡತ ಮುಚ್ಚಿದರು. ನೀನು ಪೆಟ್ಟಿಗೆ ಕಟ್ಟಿ ಹೊರಟೆ. ನೀನು ಜಗಳವಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಹೋಗುವಾಗ ನೀನು ಅದೇ ಹಾಳೆಯಲ್ಲಿ ಸುತ್ತಿದ ಒಂದು ಬಿಸ್ಕತ್ತಿನ ಪೊಟ್ಟಣ ಮನೆಯ ಡಬ್ಬಿಯಲ್ಲಿ ಬಿಟ್ಟಿದ್ದೆ. ನಾನು ಅದರ ತಂಟೆಗೇ ಹೋಗಿರಲಿಲ್ಲ. ಕಳೆದ ವಾರ ಅಮ್ಮ ನನಗೆ ಹೇಳದೆ ಬಿಚ್ಚಿ, ಚಹಾದ ಜೊತೆ ತಟ್ಟೆಯಲ್ಲಿಟ್ಟಳು. ನಾಲ್ಕು ತಿಂದು, ಯಾರಪ್ಪ ಇಷ್ಟು ಚೆನ್ನಾಗಿ ಬೇಯಿಸಿದ್ದು ಎಂದು ಹೊಟ್ಟೆಕಿಚ್ಚು ಪಟ್ಟೆ. “ನಿಮ್ಮ ಮಗಳು ಕಟ್ಟಿಟ್ಟಿದ್ದು ಕಣ್ರೀ, ಎರಡು ತಿಂಗಳಾಯ್ತು” ಅಂದಳು. ಎದ್ದವನೇ ಕಸದ ಬುಟ್ಟಿಗೆ ಕೈ ಹಾಕಿ ಹಾಳೆ ತೆಗೆದು ಮೂಸಿದೆ. ಜನವರಿಯಲ್ಲಿ ಮೂಗಿಗೆ ಬಡಿದದ್ದು ಅದೇ ವಾಸನೆ! ಬಿಸ್ಕತ್ತಿನದಲ್ಲ, ಈರುಳ್ಳಿ ಸಿಪ್ಪೆಯದು.

ನಲವತ್ತು ವರ್ಷದ ಚಾಳಿ ಮಗಳೇ. ಹಳೆಯ ಜಿಡ್ಡು ಮೊದಲು ಕಾಗದದಲ್ಲಿ ಕೂರುತ್ತದೆ ಎಂದು ಬೇಕರಿಯಲ್ಲಿ ಯಾವ ಪೊಟ್ಟಣ ಬಂದರೂ ಮೊದಲು ಸುತ್ತಿದ್ದನ್ನೇ ಮೂಸುತ್ತಿದ್ದೆ. ನಿನ್ನ ಪ್ರಯೋಗಾಲಯದಲ್ಲೂ ಹಾಳೆ ಮೂಸಿ ಮುಖ ಹಿಂಡಿದೆ. ಉಳಿದ ನಾಲ್ವರು ಬಿಸ್ಕತ್ತನ್ನು ಎಲ್ಲಿ ನೋಡಿದರು, ನನ್ನ ಮುಖ ನೋಡಿದರು! ವಾಚ್‌ಮನ್ ನಿನ್ನೆ ಒಪ್ಪಿಕೊಂಡ: “ನಂಗೇನೂ ಗೊತ್ತಾಗ್ಲಿಲ್ಲ ಯಜಮಾನ್ರೆ, ನೀವೇ ಹಂಗೆ ಮುಖ ಮಾಡಿದ್ಮೇಲೆ ನಾನೇನು ಹೇಳೋದು?”

ಆ ಬಿಸ್ಕತ್ತು ತಿಂದ ಮರುದಿನವೇ ಮೇಡಂ ಮುಂದೆ ಹೋಗಿ ನಿಂತು, ತಪ್ಪು ನನ್ನದು ಅಂದೆ. ನಿನ್ನೆ, ನೀನು ಅಲ್ಲಿ ಸುತ್ತಿಟ್ಟು ಹೋಗಿದ್ದ ಪೊಟ್ಟಣಗಳ ಹಾಳೆಯನ್ನು ಪಕ್ಕದ ಕೋಣೆಯಲ್ಲಿ ಬಿಚ್ಚಿ, ಬರೀ ಬಿಸ್ಕತ್ತನ್ನು ತಟ್ಟೆಯಲ್ಲಿ ತಂದುಕೊಟ್ಟರು. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ನಡುವೆ ರಟ್ಟು ನಿಲ್ಲಿಸಿದ್ದರು. ಹೋಲಿಸಲೆಂದು ಸಿಪ್ಪೆಯ ಸಾರವಿಲ್ಲದ ಬರೀ ಪಿಷ್ಟದ ಹಾಳೆಯಲ್ಲಿಟ್ಟಿದ್ದ ಬಿಸ್ಕತ್ತು ಎಲ್ಲರಿಗೂ ಕಮಟು ಹೊಡೆಯಿತು. ನಿನ್ನದನ್ನು ನಾಲ್ವರು ಹೊಸದೆಂದೇ ಬರೆದರು. ಗ್ರಂಥಾಲಯದ ಅಕ್ಕ ಮಾತ್ರ 'ಉಪ್ಪು ಕಡಿಮೆ' ಎಂದು ಬರೆದಿದ್ದಾಳೆ, ಅದು ಹಾಳೆಯ ತಪ್ಪಲ್ಲ. ಮೇಡಂ ಕಡತ ತೆರೆದಿದ್ದಾರೆ, ನಿನ್ನ ಕುರ್ಚಿ ಖಾಲಿಯೇ ಇದೆ. ಸಹಿ ಹಾಕುವ ಮೊದಲು ಒಮ್ಮೆ ಅವರಿಗೆ ಫೋನ್ ಮಾಡು. ಬಾ ಎಂದು ಒತ್ತಾಯ ಮಾಡುವ ಮುಖ ನನಗಿಲ್ಲ, ಆದರೂ ಆಸೆ ಬಹಳ ಇದೆ.

ಅಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ, ನಾನು ಹೇಳಿದ್ದಲ್ಲ. ಮೈ ನೋಡಿಕೋ, ನಗುನಗುತ್ತಾ ಇರು ಕಂದ.

ಇಂತಿ, ನಿನ್ನ
ಅಪ್ಪ

ಮರೆತಿದ್ದೆ. ಮರೆತಿದ್ದೆ ಅನ್ನುವುದು ಸುಳ್ಳು, ಬರೆಯಲು ಧೈರ್ಯವಿರಲಿಲ್ಲ. ನಿನ್ನೆ ಮೇಡಂ ನಿನ್ನ ಪ್ರಯೋಗದ ಪುಸ್ತಕ ತೋರಿಸಿದರು. ಜನವರಿಯ ಆ ದಿನದ ಪುಟದಲ್ಲಿ 'ಅಪ್ಪ ಹಾಳೆಯನ್ನು ಮೂಸಿದರು, ಉಳಿದವರು ಅಪ್ಪನನ್ನು ನೋಡಿದರು' ಎಂದು ಬರೆದು, ಆಮೇಲೆ ಅದನ್ನು ಗೆರೆ ಎಳೆದು ಹೊಡೆದುಹಾಕಿದ್ದೀಯ. ನೀನು ಆವತ್ತೇ ನೋಡಿದ್ದೆ. ಅಪ್ಪನಿಗೆ ಅವಮಾನವಾಗಬಾರದೆಂದು ನಿನ್ನ ಎರಡು ವರ್ಷವನ್ನು ಬಿಟ್ಟುಕೊಟ್ಟೆಯಾ, ಗುಬ್ಬಿ? ಇನ್ನು ಮೇಲೆ ನಾನು ತಪ್ಪು ಮಾಡಿದರೆ ಎದುರಿಗೇ ಹೇಳು. ನಾಲ್ಕು ಜನರ ಮುಂದೆಯೇ ಹೇಳು.