ಡೋಲೀನಾ ಬೇಡವೆಂದ ವಿಮೆ

ಕೃಪಾಬ್ದ ಎರಡು ಸಾವಿರದ ಹತ್ತೊಂಬತ್ತು, ಆಗಸ್ಟ್ ಮಾಸದ ಆರನೆಯ ದಿನ, ಮಂಗಳವಾರ

ಆದಿಗೂ ಮೊದಲು ಇದ್ದಾತನೇ, ಅಂತ್ಯದ ಆಚೆಗೂ ಇರುವಾತನೇ, ಈ ಕೈಯನ್ನೂ ಈ ಲೇಖನಿಯನ್ನೂ ಸತ್ಯದಲ್ಲಿ ನಡೆಸು.

ಎಂದಿನಂತೆ ಓಟ್ಸ್ ಗಂಜಿ. ಒಂದು ಕೀರ್ತನೆ, ಪ್ರಾರ್ಥನೆ. ಚಳಿಗಾಲದ ಉರುವಲಿಗೆ ಜೌಗುಮಣ್ಣಿನ ಹೆಂಟೆ ಒಟ್ಟತೊಡಗಿದೆ. ಮೂರನೆಯ ಸಾಲಿಗೇ ಸೊಂಟ ಸಾಕೆಂದಿತು. ವಯಸ್ಸು ಎಪ್ಪತ್ತೆಂಟು. ಶೆಡ್ಡಿನಲ್ಲಿ ಮಗ್ಗಕ್ಕೆ ಹೊದಿಸಿದ ತಾಡಪಾಲು ಗಾಳಿಗೆ ಹರಿದಿದೆ — ಹೊಲಿಯಬೇಕು.

ಹನ್ನೊಂದಕ್ಕೆ ಡೋಲೀನಾ ಬಂದಳು, ಉಪ್ಪು ಹಾಕಿದ ಹೆರಿಂಗ್ ಮೀನು ತಂದು. ಗತಿಸಿದ ನನ್ನ ತಮ್ಮ ಟಾರ್ಮೋಡನ ಒಬ್ಬಳೇ ಮಗಳು. ಐವತ್ತೇಳು. ಮದುವೆಯಾಗಲಿಲ್ಲ. ಸ್ಟೋರ್ನೊವೇ ಪೇಟೆಯ ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕುಳಿತವಳು. ನನ್ನ ಹೆಂಡತಿ ತೀರಿದಂದಿನಿಂದ ಮಂಗಳವಾರ ತಪ್ಪಿಸಿಲ್ಲ.

ಮೀನು ತಟ್ಟೆಗಿಟ್ಟು, ನನ್ನ ಕಡೆ ನೋಡದೆ ಹೇಳಿದಳು.

"ದೊಡ್ಡಪ್ಪ, ಈ ಸಲ ನಾನು ಮುಂದೆ ಬರ್ತೀನಿ."

"ಎಲ್ಲಿಗೆ?"

"ಎಲ್ಲಿಗೆ ಅಂತೀರಲ್ಲ! ಡ್ಯಾನ್ಸಿಗಾ? ಮೇಜಿಗೆ. ಕರ್ತನ ಮೇಜಿಗೆ."

ಕೈ ಹಿಡಿದೆ. ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆ ಮೇಜಿಗೆ ನಮ್ಮ ದ್ವೀಪದಲ್ಲಿ ಯಾರೂ ಅವಸರಪಡುವುದಿಲ್ಲ; ಮೊದಲು ಸಭೆಯ ಹಿರಿಯರ ಮುಂದೆ ನಿಂತು ಒಪ್ಪಿಗೆ ಪಡೆಯಬೇಕು. ತನ್ನ ಯೋಗ್ಯತೆಯನ್ನು ತಾನೇ ಶಂಕಿಸುತ್ತ, ಹಿಂದಿನ ಬೆಂಚಿನಲ್ಲಿಯೇ ಮುಪ್ಪಾಗಿ ಮಣ್ಣು ಸೇರಿದವರು ಬಹಳ. ಟಾರ್ಮೋಡನೂ ಹಾಗೆಯೇ ಹೋದ. ಇವಳು ನಲವತ್ತು ವರ್ಷ ಕಾದಿದ್ದಾಳೆ.

ಆಗಸ್ಟ್ 8, ಗುರುವಾರ

ಗೇಟಿನಲ್ಲಿ ಹೆಕ್ಟರ್. ನಿವೃತ್ತ ಬಸ್ ಡ್ರೈವರ್. ನನ್ನಂತೆಯೇ ಚರ್ಚಿನ ಸಭೆಯ ಹಿರಿಯ. ಬಾಯಿ ತುಂಬ ಹೊಸ ಹಲ್ಲು.

"ಮೂರು ಸಾವಿರದ ನಾನೂರು ಪೌಂಡು, ಫಿನ್ಲೇ! ಬ್ಯಾಂಕಿನ ದುಡ್ಡಲ್ಲಿ ನಗ್ತಾ ಇದ್ದೀನಿ, ನೋಡು."

"ಕುದುರೆಗೆ ಅಳತೆ ತೆಗೆದ ಹಾಗಿದೆ."

"ಕುದುರೆ ಆದ್ರೂ ಮೇವು ತಿನ್ನತ್ತಪ್ಪ. ನೀನು ಅರ್ಜಿ ಹಾಕ್ದ್ಯಾ? ಈ ಇಪ್ಪತ್ತೊಂಬತ್ತಕ್ಕೆ ಬಾಗಿಲು ಮುಚ್ತಾರೆ. ಆಮೇಲೆ ಅತ್ತರೂ ಇಲ್ಲ, ಕರೆದರೂ ಇಲ್ಲ."

ಸಾಲ ಕೊಡುವಾಗ ಬ್ಯಾಂಕಿನವರು ಜೊತೆಯಲ್ಲೊಂದು ವಿಮೆಯನ್ನೂ ಕಟ್ಟಿಸುತ್ತಿದ್ದರು — ಕಾಯಿಲೆ ಬಿದ್ದರೆ ಕಂತು ಅದೇ ತೀರಿಸುವುದೆಂದು. ಎಷ್ಟೋ ಜನರಿಗೆ ತೀರಿಸಲಿಲ್ಲ. ಮೋಸದಿಂದ ಮಾರಿದ್ದನ್ನೆಲ್ಲ ಈಗ ಹಿಂದಿರುಗಿಸಬೇಕೆಂದು ಆಜ್ಞೆಯಾಗಿದೆ. ನಾನೂ ಕಟ್ಟಿದ್ದೆ, ಎರಡು ಸಾವಿರದ ನಾಲ್ಕರಲ್ಲಿ, ಅಗಲ ಬಟ್ಟೆ ನೇಯುವ ಮಗ್ಗಕ್ಕೆ ಸಾಲ ತೆಗೆದಾಗ. ಮೂರು ವರ್ಷದ ಮೇಲೆ ಬಲಗೈ ಮಗ್ಗಕ್ಕೆ ಸಿಕ್ಕಿತು; ವಿಮೆಯ ಹಣ ಕೇಳಿದೆ. ಸ್ವಂತ ಕಸುಬಿನವನಿಗೆ ಇದು ಸಲ್ಲದೆಂದು ಎರಡು ಸಾಲಿನ ಪತ್ರ ಬಂತು. ಅಷ್ಟೇ.

"ಕಾರಣದ ಪಟ್ಟಿ ಇದೆ," ಎಂದ ಹೆಕ್ಟರ್. "ಮೊದಲನೇದಕ್ಕೆ ಗೀಟು ಎಳಿ. ವಿಮೆ ಬೇಡ ಅಂದ್ರೆ ಸಾಲ ಇಲ್ಲ ಅಂದ್ರು — ಅಂತ. ಊರಲ್ಲಿ ಏಳು ಜನ ಅದಕ್ಕೇ ಎಳೆದಿರೋದು."

"ಹಾಗಂದರೇ ಅವರು?"

"ಅಂದ್ರೋ ಬಿಟ್ರೋ, ಹದಿನೈದು ವರ್ಷದ ಮಾತು ಮಾರಾಯ. ಬ್ಯಾಂಕಿಗೇನು ನೋವಾಗತ್ತಾ?"

ಆಗಸ್ಟ್ 9, ಶುಕ್ರವಾರ

ಅರ್ಜಿ ತುಂಬಿದೆ.

ಇಲ್ಲಿ ಸತ್ಯವನ್ನೇ ಬರೆಯಬೇಕು, ಇದನ್ನು ಓದುವವರಿಲ್ಲ. ಅಂದು ಕೌಂಟರಿನಲ್ಲಿದ್ದವಳು ಡೋಲೀನಾ. ಕಾಗದ ನನ್ನ ಕಡೆಗೆ ತಿರುಗಿಸಿ ಅವಳು ಹೇಳಿದ್ದು: "ದೊಡ್ಡಪ್ಪ, ಈ ವಿಮೆ ನಿಮಗೆ ಬೇಡ. ನೇಯೋರಿಗೆ ಇದರಿಂದ ಬಿಡಿಗಾಸೂ ಹುಟ್ಟಲ್ಲ." ನನ್ನ ಹಿಂದೆ ಐದಾರು ಜನ. ಎಲ್ಲರೂ ಪರಿಚಿತರು. ಕಟ್ಟಲು ಶಕ್ತಿಯಿಲ್ಲದವನೆಂದು ಅವಳು ಎಲ್ಲರೆದುರಿಗೆ ಸಾರಿದಂತೆ ನನಗೆ ಕೇಳಿಸಿತು. "ಬೇಡ ಅನ್ನೋಕೆ ನೀನ್ಯಾರು? ಸೇರಿಸು," ಎಂದೆ. ಕಿವಿಯವರೆಗೆ ಕೆಂಪಾದಳು. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದು, ಸೇರಿಸಿದಳು.

ಮೊದಲನೆಯ ಕಾರಣಕ್ಕೆ ಗೀಟು ಎಳೆದೆ. ಮಾರಿದವರ ಹೆಸರು ನೆನಪಿದ್ದರೆ ಬರೆಯಿರಿ ಎಂದಿತ್ತು. ನೆನಪಿತ್ತು. ಬರೆದೆ.

ಹಣದ ಅಗತ್ಯ ನನಗಿರಲಿಲ್ಲ. ಊರಿಗೆಲ್ಲ ಬಂದದ್ದು ನನಗೊಬ್ಬನಿಗೆ ಏಕಿಲ್ಲ — ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಸಮಾಧಾನವಾಗುತ್ತಿತ್ತು.

ಆಗಸ್ಟ್ 19, ಸೋಮವಾರ

ಬ್ಯಾಂಕಿನಿಂದ ಫೋನ್. ಎಳೆಯ ಹೆಣ್ಣು ದನಿ.

"ಈ ಕರೆ ರೆಕಾರ್ಡ್ ಆಗ್ತಿದೆ ಸರ್. ವಿಮೆ ಕಡ್ಡಾಯ ಅಂತ ಆ ಸಿಬ್ಬಂದಿ ನಿಮಗೆ ಬಾಯಿಬಿಟ್ಟು ಹೇಳಿದ್ರಾ?"

"ಹೇಳಿದರು."

"ಅವರೇ? ನೀವು ಹೆಸರು ಬರ್ದಿರೋರು?"

"ಅವರೇ."

"ಥ್ಯಾಂಕ್ಯೂ ಸರ್. ಒಳ್ಳೇ ದಿನವಾಗಲಿ."

ಪ್ರಾರ್ಥನೆ ಮಾಡುವುದು ಗೇಲಿಕ್ ಭಾಷೆಯಲ್ಲಿ. ಈ ಮಾತು ಆಡಿದ್ದು ಇಂಗ್ಲಿಷಿನಲ್ಲಿ. ಫೋನ್ ಇಟ್ಟ ಮೇಲೆ ಇದೊಂದು ನೆಮ್ಮದಿಯಂತೆ ತೋರಿತು. ದೇವರಿಗೆ ಇಂಗ್ಲಿಷ್ ಬಾರದೆಂದು ಭಾವಿಸಿದೆನೋ ಏನೋ.

ಆಗಸ್ಟ್ 24, ಶನಿವಾರ

ಹೆಕ್ಟರ್ ಬಂದು ಟೋಪಿ ತೆಗೆಯದೆಯೇ ಕುಳಿತ.

"ಡೋಲೀನಾ ಹಿರಿಯರ ಮುಂದೆ ಬರ್ತಾಳಂತಲ್ಲ. ಊರಲ್ಲಿ ಮಾತು ಶುರುವಾಗಿದೆ, ಫಿನ್ಲೇ. ಸುಳ್ಳು ಹೇಳಿ ವಿಮೆ ಮಾರಿದೋಳು ರೊಟ್ಟಿ ಮುಟ್ಟಬಹುದಾ ಅಂತ."

"ಅದನ್ನು ಅರ್ಜಿಯಲ್ಲಿ ಬರೆದವರು ನೀವು ಏಳು ಜನವೇ ತಾನೆ? ಬ್ಯಾಂಕಿಗೆ ನೋವಾಗುವುದಿಲ್ಲವೆಂದು?"

"ನಾನು ಬರೆದಾಗ ಹೆಸರು ಹಾಕಿರ್ಲಿಲ್ಲ. ನೀನು ಹಾಕಿದ್ದೀಯಂತೆ. ಪೋಸ್ಟ್ ಆಫೀಸಲ್ಲಿ ಅರ್ಜಿ ತೂಕ ಹಾಕಿಸ್ದೆಯಲ್ಲ, ಲಕೋಟೆ ಅಂಟಿಸದೆ? ಆಮೇಲೆ ಊರಿಗೇ ಗೊತ್ತು." ಹೊಸ ಹಲ್ಲು ಕಾಣದಂತೆ ತುಟಿ ಮುಚ್ಚಿದ. "ಏಳು ಜನ ಹೇಳಿದ್ದನ್ನ ತಳ್ಳಿಹಾಕಬಹುದಿತ್ತು. ಸ್ವಂತ ದೊಡ್ಡಪ್ಪನೇ ಬರೆದ ಮೇಲೆ?"

ಎದ್ದು ಚಹ ಕೊಟ್ಟೆ.

ಆಗಸ್ಟ್ 29, ಗುರುವಾರ — ಉಪವಾಸದ ದಿನ

ಕರ್ತನ ಮೇಜಿನ ಐದು ದಿನಗಳು ಆರಂಭವಾದವು. ಅರ್ಜಿಗೂ ಇದೇ ಕೊನೆಯ ದಿನ. ಟಿವಿ ಎಚ್ಚರಿಸುತ್ತಲೇ ಇತ್ತಂತೆ: ಇನ್ನು ಕೆಲವೇ ಗಂಟೆಗಳು, ಇನ್ನು ಕೆಲವೇ ಗಂಟೆಗಳು. ಅರ್ಜಿ ಹಿಂತೆಗೆದುಕೊಳ್ಳಲು ಬ್ಯಾಂಕಿನ ನಂಬರು ಹುಡುಕಿ ಇಟ್ಟುಕೊಂಡಿದ್ದೆ. ಉಪವಾಸದ ದಿನ ಲೌಕಿಕ ವ್ಯವಹಾರ ಕೂಡದೆಂದು ಮಾಡಲಿಲ್ಲ.

ಹೀಗೆಂದು ಬರೆದೆ. ಓದಿಕೊಂಡೆ. ಅದು ಕಾರಣವಲ್ಲ.

ಆಗಸ್ಟ್ 30, ಶುಕ್ರವಾರ — ಪ್ರಶ್ನೆಯ ದಿನ

ಈ ದಿನ ಹಿರಿಯನೊಬ್ಬ ಎದ್ದು ಪ್ರಶ್ನೆ ಇಡುವುದು, ಹೆಸರು ಕರೆದ ಗಂಡಸರು ತಮ್ಮ ಅನುಭವದಿಂದ ಉತ್ತರಿಸುವುದು ಪದ್ಧತಿ. ಇಂದಿನ ಪ್ರಶ್ನೆ: ಪಾಪಕ್ಕಾಗಿ ಅಳುವವನನ್ನೂ ಅವಮಾನಕ್ಕಾಗಿ ಅಳುವವನನ್ನೂ ಬೇರ್ಪಡಿಸುವ ಗುರುತು ಯಾವುದು?

ಮೊದಲ ಹೆಸರು ನನ್ನದು.

ಹತ್ತು ನಿಮಿಷ ಮಾತಾಡಿದೆ. ಅವಮಾನಕ್ಕೆ ಅಳುವವನು ಸುತ್ತ ನೋಡಿ ಅಳುತ್ತಾನೆ, ಪಾಪಕ್ಕೆ ಅಳುವವನಿಗೆ ಸುತ್ತ ಯಾರೂ ಕಾಣುವುದಿಲ್ಲ ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಸ್ವರವೂ ನಡುಗಿತು. ನಾನು ಸುತ್ತ ನೋಡುತ್ತಿದ್ದೆ.

ಹೊರಗೆ ಡೋಲೀನಾ ತೋಳು ಹಿಡಿದಳು. "ಭಯ ಇತ್ತು ದೊಡ್ಡಪ್ಪ. ಜನ ಏನೇನೋ ಅಂತಿದ್ದಾರೆ, ದೂರು ಬರೆದೋರು ಯಾರು ಅಂತ ಮಾತ್ರ ನನ್ನೆದುರು ಯಾರೂ ಹೇಳಲ್ಲ. ನಿಮ್ಮ ಮಾತು ಕೇಳಿ ಧೈರ್ಯ ಬಂತು. ನಾಳೆ ನೀವು ಅಲ್ಲಿರ್ತೀರಲ್ಲ, ಸಾಕು."

ಆಗಸ್ಟ್ 31, ಶನಿವಾರ. ಸಂಜೆ ಐದು

ಆರಾಧನೆಯ ಬಳಿಕ ಹಿರಿಯರ ಕೋಣೆ. ನಾವು ಆರು ಜನ. ಮಧ್ಯದಲ್ಲಿ ಸಭಾಪಾಲಕ ಗಿಲ್ಲೀಸರು, ನಲವತ್ತು ದಾಟದ ಸಾತ್ವಿಕರು. ಡೋಲೀನಾ ಕಪ್ಪು ಕೋಟು ತೊಟ್ಟು ಬಂದಳು. ಅವಳ ತಾಯಿಯ ಕೋಟು.

ನಂಬಿಕೆಯ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದಳು. ಆಮೇಲೆ ಗಿಲ್ಲೀಸರು ಕನ್ನಡಕ ತೆಗೆದರು.

"ಡೋಲೀನಾ ಅವರೇ, ಕೇಳೋದಕ್ಕೆ ನನಗೇ ಸಂಕಟ. ಬ್ಯಾಂಕಿನಲ್ಲಿ ನೀವು ಜನರಿಗೆ ಸುಳ್ಳು ಹೇಳಿ ವಿಮೆ ಮಾರಿದ್ರಿ ಅಂತ ದೂರಿದೆ."

"ಮಾರಿದ್ದೀನಿ, ಅಯ್ಯನವರೇ. ಇಂತಿಷ್ಟು ಮಾರಲೇಬೇಕು ಅಂತ ಮ್ಯಾನೇಜರು ಗೋಡೆ ಮೇಲೆ ಪಟ್ಟಿ ಅಂಟಿಸ್ತಿದ್ರು. ತಗೊಳ್ಳಿ, ಒಳ್ಳೇದು ಅಂತ ಎಷ್ಟೋ ಜನಕ್ಕೆ ಹೇಳಿದ್ದೀನಿ. ಅದಕ್ಕೆ ದೇವರ ಮುಂದೆ ಅತ್ತಿದ್ದೀನಿ. ಆದ್ರೆ ಕಡ್ಡಾಯ ಅಂತ ಯಾರಿಗೂ ಹೇಳಿಲ್ಲ. ಒಬ್ಬರಿಗೂ ಇಲ್ಲ."

"ಎಂಟು ಜನ ಬೇರೆ ಥರ ಹೇಳ್ತಾರಲ್ಲಮ್ಮ," ಎಂದ ಹೆಕ್ಟರ್.

ಅವಳ ಮುಖ ಅರಳಿತು. ಅರಳಿತೆಂದೇ ಬರೆಯಬೇಕು. ನನ್ನ ಕಡೆ ತಿರುಗಿದಳು.

"ದೊಡ್ಡಪ್ಪನ್ನೇ ಕೇಳಿ. ಅವರಿಗೆ ಬೇಡ ಅಂತಾನೇ ಹೇಳಿದ್ದೆ. ಬೈಸ್ಕೊಂಡೆ ಕೂಡ. ಹೇಳಿ ದೊಡ್ಡಪ್ಪ."

ಆರು ಮುಖಗಳು. ಗಡಿಯಾರ. ಕಿಟಕಿಯಾಚೆ ಯಾರದೋ ಕುರಿ. ಅವಳ ಮಾತು ನಿಜವೆಂದರೆ ನಾನು ಸುಳ್ಳುಗಾರ. ನಾಳೆ ರೊಟ್ಟಿಯ ತಟ್ಟೆ ಹಿಡಿಯುವಂತಿಲ್ಲ. ಸುಳ್ಳೆಂದರೆ ಅವಳು. ಎರಡನ್ನೂ ಹೇಳಲಿಲ್ಲ.

"ಹದಿನೈದು ವರ್ಷವಾಯಿತು," ಎಂದೆ. "ನೆನಪಿಲ್ಲ."

ಡೋಲೀನಾ ಕೋಟಿನ ಗುಂಡಿ ಹಾಕಿಕೊಂಡಳು, ಮೇಲಿನಿಂದ ಕೆಳಗಿನವರೆಗೆ, ಒಂದೊಂದಾಗಿ.

"ಸರಿ. ನೆನಪಿಲ್ಲ ಅಂದ್ರೆ ನೆನಪಿಲ್ಲ."

ಮುಂದಿನ ಮೇಜಿನವರೆಗೆ, ಅಂದರೆ ಮಾರ್ಚಿನವರೆಗೆ, ಕಾಯಲು ತಿಳಿಸಲಾಯಿತು.

ಸೆಪ್ಟೆಂಬರ್ 2, ಸೋಮವಾರ

ನಿನ್ನೆ ಕರ್ತನ ದಿನ, ಲೇಖನಿ ಮುಟ್ಟಲಿಲ್ಲ. ಬಿಳಿಯ ಬಟ್ಟೆ ಹಾಸಿದ ಮೇಜು. ತಟ್ಟೆ ಹಿಡಿದು ನಡೆದೆ. ಕೈ ನಡುಗಲಿಲ್ಲ. ಅದು ನಡುಗಬೇಕಿತ್ತು. ಡೋಲೀನಾ ಹಿಂದಿನ ಬೆಂಚಿನಲ್ಲಿ, ಅವಳ ಅಪ್ಪನ ಜಾಗದಲ್ಲಿ.

ಸೆಪ್ಟೆಂಬರ್ 3, ಮಂಗಳವಾರ

ಬರಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಬರಲಿಲ್ಲ. ಆರಾಧನೆಗೂ ಈಗ ಬರುತ್ತಿಲ್ಲ. ಅಂಗಡಿಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತದಂತೆ. ನಿನ್ನೆ ಯಾರೋ ಅವಳೆದುರೇ ಪರ್ಸನ್ನು ಚೀಲದೊಳಗೆ ಬಚ್ಚಿಟ್ಟುಕೊಂಡು ನಕ್ಕರೆಂದು ಹೆಕ್ಟರ್ ಹೇಳಿದ. ಹೇಳುತ್ತ ಅವನೂ ನಕ್ಕ.

ಅಕ್ಟೋಬರ್ 17, ಗುರುವಾರ

ಬ್ಯಾಂಕಿನ ಪತ್ರ.

ನನ್ನ ದೂರನ್ನು ಒಪ್ಪಲಾಗಿಲ್ಲ. ಜೊತೆಗೆ ಹಳೆಯ ಕಾಗದದ ನಕಲು. ಅದರ ಕೆಳಗೆ ಆ ಸಣ್ಣ ಅಕ್ಷರ: "ಸ್ವಂತ ಕಸುಬು, ಈ ವಿಮೆ ಇವರಿಗೆ ಸಲ್ಲದೆಂದು ತಿಳಿಸಿದೆ. ಇವರೇ ಒತ್ತಾಯಿಸಿದರು." ಅವಳ ಸಹಿ.

ಅಷ್ಟಕ್ಕೇ ಮುಗಿಯಲಿಲ್ಲ. ಕಟ್ಟಿಸಿಕೊಂಡ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿನ ಕಮಿಷನ್ ಆಗಿತ್ತು. ಅದನ್ನು ಗ್ರಾಹಕರಿಂದ ಮುಚ್ಚಿಟ್ಟದ್ದು ತಪ್ಪು. ಆದ್ದರಿಂದ ಇನ್ನೂರ ಹದಿನಾಲ್ಕು ಪೌಂಡಿನ ಚೆಕ್ ಇರಿಸಿದೆ. ಕೊನೆಯ ವಾಕ್ಯ: ವಿಮೆ ಮಾರಿದವರು ಏನು ಹೇಳಿದರು, ಏನು ಹೇಳಲಿಲ್ಲ ಎಂಬುದಕ್ಕೂ ಈ ಹಣಕ್ಕೂ ಸಂಬಂಧವಿಲ್ಲ.

ಸಂಬಂಧವಿಲ್ಲ. ನಡೆದದ್ದನ್ನು ನಡೆದಂತೆ ಬರೆದಿದ್ದರೂ ಇದೇ ಚೆಕ್ ಬರುತ್ತಿತ್ತು.

ಅಕ್ಟೋಬರ್ 21, ಸೋಮವಾರ

ಹಿರಿಯರ ಕೋಣೆಯಲ್ಲಿ ಪತ್ರ ಇಟ್ಟೆ. ಎಲ್ಲವನ್ನೂ ಹೇಳಿಬಿಡುವೆನೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಗಿಲ್ಲೀಸರು ಓದಿ ಕಣ್ಣು ತುಂಬಿಕೊಂಡರು.

"ಫಿನ್ಲೇಯವರೇ, ಇದನ್ನ ನೀವು ಒಲೆಗೆ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ತಂದಿರಲ್ಲ. ಈ ವಯಸ್ಸಿನಲ್ಲಿ ಮರೆವು ಸಹಜ. ಮರೆವು ಪಾಪ ಅಲ್ಲ."

"ನನಗೆ ನನ್ನ ಮೊಮ್ಮಗನ ಹೆಸರೇ ಬರಲ್ಲ," ಎಂದ ಹೆಕ್ಟರ್. ಎಲ್ಲರೂ ನಕ್ಕರು. ಒಬ್ಬರು ನನ್ನ ಬೆನ್ನು ತಟ್ಟಿದರು.

ಮರೆತಿರಲಿಲ್ಲ ಎಂಬ ಮಾತು ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಬೆನ್ನು ತಟ್ಟಿದರು.

ನವೆಂಬರ್ 5, ಮಂಗಳವಾರ

ಗಿಲ್ಲೀಸರು ಡೋಲೀನಾಳ ಮನೆಗೆ ಹೋಗಿ ಸಭೆಯ ಪರವಾಗಿ ಕ್ಷಮೆ ಕೇಳಿದರಂತೆ. ಮಾರ್ಚಿಗೆ ಬನ್ನಿ, ಬಾಗಿಲು ತೆರೆದಿದೆ ಎಂದರಂತೆ. ಅವಳು ಪತ್ರವನ್ನು ಓದಲೇ ಇಲ್ಲವಂತೆ. ಕೇಳಿದ್ದು ಒಂದೇ ಮಾತು.

"ದೊಡ್ಡಪ್ಪನಿಗೆ ನೆನಪಾಯ್ತಾ?"

"ಇಲ್ಲಮ್ಮ. ವಯಸ್ಸು. ಪಾಪ."

"ಹಾಗಾದ್ರೆ ನಾನು ಬರಲ್ಲ, ಅಯ್ಯನವರೇ. ಕಾಗದ ಸಾಕ್ಷಿ ಹೇಳ್ತು ಅಂತ ಬಂದು ಕೂತ್ರೆ, ತಟ್ಟೆ ಹಿಡಿಯೋ ಆ ಕೈಯಿಂದಾನೇ ರೊಟ್ಟಿ ತಗೋಬೇಕು. ಅವರಿಗೆ ನೆನಪಾದ ದಿನ ಹೇಳಿ ಕಳಿಸಿ. ಅಪ್ಪ ಕಾದ ಬೆಂಚಿದೆ. ನಾನೂ ಕಾಯ್ತೀನಿ."

ಇದನ್ನು ನನಗೆ ಹೇಳುವಾಗ ಗಿಲ್ಲೀಸರು ತಲೆಯಾಡಿಸಿದರು: "ಎಂಥ ಗಟ್ಟಿ ಮನಸ್ಸು ಆಕೆಯದು! ನೀವು ಬೇಸರ ಮಾಡ್ಕೋಬೇಡಿ."

ನವೆಂಬರ್ 8, ಶುಕ್ರವಾರ. ಮಧ್ಯಾಹ್ನ ಮೂರೂವರೆ

ಬೂಟಿನ ಲಾಡಿ ಕಟ್ಟಿದ್ದಾಗಿದೆ. ಇಲ್ಲಿಂದ ಅವಳ ಮನೆ ಕಾಣುತ್ತದೆ — ನಾನೂರು ಹೆಜ್ಜೆ. ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಾಳೆ. ತಾಯಿಯ ಕೋಟನ್ನೂ ಗಾಳಿಗೆ ಹಾಕಿದ್ದಳು. ಹೇಳಬೇಕಾದ ಮಾತು ಒಂದೇ: ನೆನಪಿದೆ. ಮೊನ್ನೆಯೂ ಲಾಡಿ ಕಟ್ಟಿದ್ದೆ. ನಿನ್ನೆಯೂ.

ಹೊರಡುವ ಮೊದಲು ಪ್ರಾರ್ಥನೆ.

ಕರುಣಾಳುವೇ, ಫೋನಿನ ಆ ಎಳೆಯ ದನಿಯನ್ನು ಆಶೀರ್ವದಿಸು. ಅವಳು ಕೇಳಿದ್ದು ಸತ್ಯವನ್ನೇ. ಗೋಡೆಗೆ ಪಟ್ಟಿ ಅಂಟಿಸಿದವರನ್ನು ಆಶೀರ್ವದಿಸು. ಗೀಟೆಳೆದ ಏಳು ಜನರನ್ನೂ, ಹೆಕ್ಟರನನ್ನೂ, ಅವನ ಹಲ್ಲನ್ನೂ ಆಶೀರ್ವದಿಸು. ಬೆನ್ನು ತಟ್ಟಿದ ಕೈಯನ್ನು ಆಶೀರ್ವದಿಸು. ಹಿಂದಿನ ಬೆಂಚಿನಲ್ಲಿ ಕಾದು ಹೋದ ನನ್ನ ತಮ್ಮನಿಗೆ ನಿನ್ನ ಮೇಜಿನಲ್ಲಿ ಎಡೆ ಕೊಡು. ಅವನ ಮಗಳನ್ನು, ಡೋಲೀನಾಳನ್ನು, ಎಲ್ಲರಿಗಿಂತ ಹೆಚ್ಚಾಗಿ ಆಶೀರ್ವದಿಸು. ನಾನು ಅವಳಿಗೆ ಮಾಡಿದ್ದರ ಮರೆವನ್ನು ಅವಳಿಗೆ ಕೊಡು. ನನಗೆ ಮಾತ್ರ ಕೊಡಬೇಡ. ನನಗೆ —

ಬಟ್ಟೆ ಒಳಗೆ ತೆಗೆದುಕೊಂಡಳು. ಬಾಗಿಲು ಇನ್ನೂ ಹಾಕಿಲ್ಲ. ಈ ಕಡೆ ನೋಡುತ್ತ ನಿಂತಿದ್ದಾಳೆ. ಲೇಖನಿ ಕೆಳಗಿಡುತ್ತಿದ್ದೇನೆ.