ಹಾರುಮಲ್ಲನ ಕೊನೇ ಪುಟ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕಾ,

ಬೈಬೇಡ. ಅಂದ್ರೆ ಬೈಯಿ, ಆದ್ರೆ ಪೂರ್ತಿ ಓದಿ ಆಮೇಲೆ ಬೈಯಿ. ಎರಡು ವಾರದಿಂದ ನೀನು ಕತೆ ಎಲ್ಲಿ ಅಂತ ಕೇಳ್ತಾನೇ ಇದೀಯ, ನಾನು ಬರೀ ಹೆಬ್ಬೆರಳಿನ ಗೊಂಬೆ ಕಳಿಸ್ಕೊಂಡು ಕೂತಿದೀನಿ. ಈಗ ರೂಮಿನವರೆಲ್ಲ ಮಲಗಿದಾರೆ. ನಾನು ಮೆಟ್ಟಿಲ ಮೇಲೆ ಕೂತು ಫೋನಿಗೆ ಪಿಸುಗುಡ್ತಿದೀನಿ, ಅದು ಅಕ್ಷರ ಮಾಡ್ಕೊಳ್ತಿದೆ. ಸ್ವಲ್ಪ ದನಿ ಏರಿಸಿದ್ರೂ ಒಳಗಿಂದ ಚಪ್ಪಲಿ ಹಾರಿ ಬರತ್ತೆ.

ನಿನ್ನ ಪುಟಗಳು ನೋಡಿದೆ. ಅಬ್ಬಬ್ಬಾ! ಆ ಕನ್ನಡಿರಾಣಿ, ಆ ಗಾಜಿನ ಗೋಪುರ, ಕಿಟಕಿ ನೋಡಿದವರಿಗೆ ಅವರವರ ಭಯಾನೇ ಎದುರು ನಿಲ್ಲೋದು, ನೋಡ್ತಾ ನೋಡ್ತಾ ಕೈ ಬಿಟ್ಟುಬಿಡೋದು! ನಮ್ಮ ಹಾರುಮಲ್ಲ ಹರಿದ ರಗ್ಗು ಹೊದ್ಕೊಂಡು ಒಂದೇ ಕೈಲಿ ನೇತಾಡ್ತಿದಾನೆ. ಮಂತ್ರ ಬಿದ್ದಿದೆ, ಹಾರೋಕಾಗಲ್ಲ. ಕೊನೇ ಪುಟ ಖಾಲಿ. "ನಾಳೆ ಮಧ್ಯಾಹ್ನ ಮಕ್ಕಳ ಪತ್ರಿಕೆಯವರಿಗೆ ಕೊಡ್ಬೇಕು ಕಣೋ, ಹೆಂಗೆ ಪಾರಾಗ್ತಾನೆ ಹೇಳೋ" ಅಂತ ಬರ್ದಿದೀಯ. ಚಿಕ್ಕೋರಿದ್ದಾಗಿಂದ ಕತೆ ನಂದು, ಚಿತ್ರ ನಿಂದು. ಈ ಸಲ ನನ್ನ ಬಾಯಿಗೇ ಬೀಗ ಬಿದ್ದಿತ್ತು. ಯಾಕೆ ಅಂತ ಹೇಳ್ತೀನಿ. ಅಮ್ಮಂಗೆ ಓದಿ ಹೇಳ್ಬೇಡ.

ಕಿಟಕಿ ಒರೆಸೋ ಕೆಲಸ ಅಂದಿದ್ನಲ್ಲ? ಕಿಟಕಿ ಹೌದು. ಆದ್ರೆ ಹೊರಗಡೆಯಿಂದ. ಇದನ್ನ ಮುಚ್ಚಿಟ್ಕೊಂಡು ನಿಂಗೆ ಕತೆ ಹೇಳೋಕಾಗ್ಲಿಲ್ಲ. ಮಾಳಿಗೆಗೆ ಹಗ್ಗ ಬಿಗಿದು, ಸೊಂಟಕ್ಕೆ ಬಕೆಟ್ಟು ನೇತಾಕ್ಕೊಂಡು, ಗೋಡೆಗುಂಟ ಇಳೀತಾ ಒರೆಸೋದು. ನನ್ನ ಜೊತೆಗಾರನ್ನ ಎಲ್ಲರೂ ಗೊಣಗಣ್ಣ ಅಂತಾರೆ. ಬಿಸಿಲಿದ್ರೆ ಬಿಸಿಲು ಅಂತ ಗೊಣಗ್ತಾನೆ, ನೆರಳಿದ್ರೆ ಗಾಜು ಒಣಗಲ್ಲ ಅಂತ ಗೊಣಗ್ತಾನೆ.

ಇಲ್ಲೊಂದು ಕಟ್ಟುನಿಟ್ಟಿದೆ ಅಕ್ಕಾ. ಮೈಪಟ್ಟಿಗೆ ಹಗ್ಗ ಸಿಗಿಸೋ ಕೊಂಡಿಗಳನ್ನ ನಾನೇ ಹಾಕ್ಕೋಬಹುದು, ಆದ್ರೆ ನಾನೇ ನೋಡಿ ಸರಿ ಅನ್ನೋ ಹಾಗಿಲ್ಲ. ಜೊತೆಗಾರ ಒಂದೊಂದನ್ನೂ ಮುಟ್ಟಿ ಬಾಯಿಬಿಟ್ಟು "ಇದೆ" ಅನ್ಬೇಕು. ಹೆಗಲಿಂದು, ಇದೆ. ಸೊಂಟದ್ದು, ಇದೆ. ತೊಡೇದು, ಇದೆ. ಆಮೇಲೆ ನಾನು ಅವನವನ್ನ ಮುಟ್ಟಬೇಕು. "ನಿನ್ನೆ ತಾನೇ ಮುಟ್ಟಿದೀಯಲ್ಲಣ್ಣ" ಅಂದ್ರೆ, "ನಿನ್ನೆ ಮುಟ್ಟಿದ್ದು ನಿನ್ನೆಗಾಯ್ತು. ಕುಣೀಬೇಡ, ನೆಟ್ಟಗೆ ನಿಂತ್ಕೋ" ಅಂತ ಗದರ್ತಾನೆ.

ಇವತ್ತು ಮಧ್ಯಾಹ್ನ ಗಾಳಿ ಎದ್ದಿತು. ನನ್ನನ್ನ ಗೋಡೆಯಿಂದ ಕಿತ್ತು, ಗರಗರ ತಿರುಗಿಸಿ, ತಂದು ಗಾಜಿಗೆ ಬಡೀತು. ಒಳಗೆ ಮೇಜಿನ ಮುಂದೆ ಒಬ್ಬಳು ಸೇಬು ಕಚ್ತಾ ಕೂತಿದ್ದೋಳು ಹಾಗೇ ಬಾಯಿ ತೆರೆದು ನನ್ನೇ ನೋಡಿದಳು. ಅವಳ ಮುಖದ ಮೇಲೆ ನನ್ನ ಮುಖ, ನನ್ನ ಮುಖದ ಹಿಂದೆ ಕೆಳಗಿನ ರಸ್ತೆ. ಕೈ ಮರಗಟ್ಟಿತು ಅಕ್ಕಾ. ಹಗ್ಗ ಸಡಿಲಿಸೋ ಹಿಡಿ ಒತ್ತಿದ್ರೆ ಇಳೀಬಹುದು, ಬೆರಳು ಮಾತೇ ಕೇಳ್ತಿಲ್ಲ. ಗಾಳಿ ಮತ್ತೆ ಎಳೀತು.

ಗೊಣಗಣ್ಣ ಪಕ್ಕದ ಹಗ್ಗದಿಂದ ಜೀಕ್ಕೊಂಡು ಬಂದು ನನ್ನ ಎದೆಪಟ್ಟಿ ಹಿಡಿದ. ಅದೇ ರಭಸಕ್ಕೆ ಅವನ ಹೆಗಲು ಕಿಟಕಿ ಅಂಚಿಗೆ ಹೊಡೀತು. ಮೂಳೆ ಸರಿದ ಸದ್ದು ನನಗೇ ಕೇಳಿಸ್ತು. ಆದ್ರೂ ನನ್ನ ಪಟ್ಟಿ ಬಿಡ್ಲಿಲ್ಲ. "ಗಾಜು ನೋಡ್ಬೇಡ, ನನ್ನ ನೋಡು. ಈ ಮುಖ ನೋಡೋಕಾಗಲ್ಲ ಅಂತ ನಂಗೂ ಗೊತ್ತು. ಆದ್ರೂ ನೋಡು" ಅಂದ. ನೋಡಿದೆ. ಬೆರಳು ಬಿಚ್ಚಿಕೊಳ್ತು. ಇಬ್ಬರೂ ಒಟ್ಟಿಗೆ ಇಳಿದ್ವಿ. ಕೆಳಗೆ ಕಾಲೂರಿದ ಮೇಲೇನೇ ಅವನು ಕಿರುಚಿದ್ದು.

ಈಗ ಅವನ ಬಲಗೈ ಕುತ್ತಿಗೆಗೆ ಕಟ್ಟಿದಾರೆ. ಸಂಜೆ ಮೇಸ್ತ್ರಿ ಬಂದು, "ನಾಳೆ ಆ ಗೋಡೆ ಮುಗೀಲೇಬೇಕು. ನೀನೊಬ್ನೇ ಇಳಿ" ಅಂದ.

"ಕೊಂಡಿ ಯಾರು ಮುಟ್ತಾರೆ?"

"ಯಾಕೆ, ನಿಂಗೆ ಕಣ್ಣಿಲ್ವಾ? ಆಗಲ್ಲ ಅಂದ್ರೆ ಹೇಳು, ಗೇಟಲ್ಲಿ ಬೇಕಾದಷ್ಟು ಜನ ನಿಂತಿದಾರೆ."

ಹೂಂ ಅಂದುಬಿಟ್ಟೆ.

ಆಮೇಲೆ ನಿನ್ನ ಚಿತ್ರ ತೆಗೆದು ನೋಡ್ತಾ ಕೂತೆ. ಇಷ್ಟು ವರ್ಷ ಹಾರುಮಲ್ಲ ಒಬ್ನೇ ಅಲ್ವಾ? "ಮಲ್ಲಂಗ್ಯಾಕೋ ಜೊತೆ?" ಅಂತಿದ್ದೆ ನೀನು. ಈಗ ಬರ್ಕೋ. ಪಕ್ಕದ ಕಿಟಕಿಯಿಂದ ಒಂದು ಕೈ ಚಾಚತ್ತೆ. ಯಾವ ಶಕ್ತಿನೂ ಇಲ್ದಿರೋ, ಬಕೆಟ್ಟು ಹಿಡಿದ ಮಾಮೂಲಿ ಮನುಷ್ಯ, ಮುಖ ಸಿಂಡರಿಸ್ಕೊಂಡಿರ್ಲಿ. ಇಬ್ಬರು ಒಟ್ಟಿಗೆ ನೋಡ್ತಿದ್ದ ಹಾಗೇ, ಯಾರ ಭಯ ತೋರಿಸ್ಲಿ ಅಂತ ಗಾಜಿಗೇ ತಲೆ ಕೆಟ್ಟು ಚಟಾರ್ ಅಂತ ಸೀಳತ್ತೆ. ರಾಣಿ ಮಂತ್ರ ಅಲ್ಲಿಗೆ ಪುಸ್ಸಂತ.

ಇಷ್ಟು ಹೇಳಿ ಮೇಸ್ತ್ರಿಗೆ ಮೆಸೇಜು ಹಾಕ್ದೆ: "ಮುಟ್ಟೋರು ಇಲ್ದೆ ಇಳಿಯಲ್ಲ." ನೋಡಿದಾನೆ. ಬೆಳಿಗ್ಗೆ ಗೇಟಿನ ಯಾವ ಕಡೆ ನಿಂತಿರ್ತೀನೋ ಗೊತ್ತಿಲ್ಲ. ಗೊಣಗಣ್ಣಂಗೂ ತಿಳಿಸಿದೆ. ಅವನು ತಕ್ಷಣ ಬರ್ದ: "ನಿದ್ದೆ ಕೆಡಿಸ್ಬೇಡ. ಬರ್ತೀನಿ. ಮುಟ್ಟೋಕೆ ಒಂದು ಕೈ ಸಾಕು. ಗಾಳಿ ಬಂದ್ರೆ ಮೇಸ್ತ್ರೀನೇ ಇಳಿಸೋಣ."

ನಿನ್ನ ಕಣ್ಣು, ಕೈ ಎರಡೂ ಚೆನ್ನಾಗಿರ್ಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮಂಗೆ ನಾನು ದಪ್ಪ ಆಗಿದೀನಿ ಅಂತ ಹೇಳು.

ನಿನ್ನ
ಬಾಯಿಬಡುಕ ತಮ್ಮ

ಮತ್ತೆ ಅಕ್ಕಾ, ಕಳಿಸೋಕೆ ಒತ್ತಬೇಕು ಅಂತಿದ್ದೋನು ನಿಂತೆ. ಅಪ್ಪ ಬಿದ್ದ ದಿನ, ಬಣ್ಣ ಹೊಡೆಯೋಕೆ ಮೇಲೆ ಹತ್ತಿದಾಗ ಜೊತೆಗಾರ ಬಂದಿರ್ಲಿಲ್ಲ. ಅಪ್ಪನೂ ಯಾರಿಗೋ ಹೂಂ ಅಂದಿರ್ಬೇಕು. ಅದಾದ ಮೇಲೆ ತಾನೇ ನಾವು ಅಪ್ಪನ ರಗ್ಗು ಹೊದಿಸಿ ಹಾರುಮಲ್ಲನ್ನ ಮಾಡಿದ್ದು? ಅವನು ರೈಲು ಹಿಡಿದ, ಬೆಟ್ಟ ಹಿಡಿದ, ಉದುರಿದ ಚಂದ್ರನ್ನೂ ಹಿಡಿದ. ಮೇಲಿಂದ ಬೀಳೋ ಮನುಷ್ಯನ್ನ ಮಾತ್ರ ಒಂದು ಸಲಾನೂ ಹಿಡೀಲಿಲ್ಲ. ನಾನು ಹೇಳ್ಲಿಲ್ಲ, ನೀನು ಕೇಳ್ಲಿಲ್ಲ. ಕಿಟಕಿಯಿಂದ ಚಾಚೋ ಆ ಕೈ ಬರೀತೀಯಲ್ಲ, ಅದರ ಉಗುರಂಚಲ್ಲಿ ಸ್ವಲ್ಪ ನೀಲಿ ಬಣ್ಣ ಇರ್ಲಿ. ಅಪ್ಪ ಎಷ್ಟು ತೊಳೆದ್ರೂ ಹೋಗ್ತಿರ್ಲಿಲ್ವಲ್ಲ, ಅದೇ ನೀಲಿ.