ಹೆಜ್ಜೇನಿನ ಅಲೆ, ಕಡ್ಡಿಹುಳದ ಕಾಲು

ಬಿಳಿಚೋಡು
೨೦-೩-೨೦೨೫

ಗೆಳೆಯ ಮುರುಗೇಶಪ್ಪನಿಗೆ ಹಾಲೇಶಪ್ಪನ ನಮಸ್ಕಾರ.

ಫೆಬ್ರವರಿ ೨೮ರಂದು ಜಗಳೂರಿನ ಓದುಗರ ಕೂಟದ ವೇದಿಕೆಯಲ್ಲಿ, ಎಂಟನೇ ತರಗತಿಯ ಚೈತ್ರಾಳ ಪ್ರಬಂಧ ಕದ್ದದ್ದು ಎಂದು ನೀನು ತೀರ್ಪು ಕೊಟ್ಟೆ. ಸಿಟ್ಟು ಇಳಿಯಲಿ ಎಂದು ಮೂರು ವಾರ ಕಾದೆ, ಇಳಿಯಲಿಲ್ಲ. ಕಾಗದ ತಡವಾಯಿತು, ಕ್ಷಮಿಸು.

ಅವಳು ಬರೆದದ್ದು ನಮ್ಮ ಕಾಡಿನ ಎರಡು ಹುಳಗಳ ಬಗ್ಗೆ. ಕಡ್ಡಿಹುಳ ಕಡ್ಡಿಯಂತೆ ಸುಮ್ಮನಿರುತ್ತದೆ. ಗಾಳಿ ಬೀಸಿದರೆ ಗಾಳಿಯ ಜೊತೆ ತೂಗುತ್ತದೆ. ಕಾಲು ಸಿಕ್ಕಿಬಿದ್ದರೆ ಕಾಲನ್ನೇ ಬಿಟ್ಟು ಹೋಗುತ್ತದೆ. ಹೆಜ್ಜೇನು ಹಾಗಲ್ಲ. ಕಡಜ ಹತ್ತಿರ ಬಂದರೆ ಗೂಡಿನ ಮೇಲಿನ ಹುಳಗಳೆಲ್ಲ ಒಂದರ ಹಿಂದೊಂದು ಹಿಂಬದಿ ಎತ್ತುತ್ತವೆ, ಅಲೆ ಓಡಿದಂತೆ ಕಾಣುತ್ತದೆ. ಕುಟುಕುವುದು ಆಮೇಲಿನ ಮಾತು.

ಚನ್ನಗಿರಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ನೀನು ಆ ಅಲೆಯ ಮಾತಿಗೆ ಕೆಂಪು ಗೀಟು ಎಳೆದೆ. "ಆಡು ಕಾಯೋರ ಮನೆ ಹುಡುಗಿಗೆ ಇದೆಲ್ಲ ಹೆಂಗೆ ಗೊತ್ತಾಗತೈತ್ರಿ? ಮೊಬೈಲ್‌ನಾಗೆ ನೋಡಿ ಇಳಿಸ್ಯಾಳೆ" ಎಂದು ಮೈಕಿನಲ್ಲಿ ಹೇಳಿ ಸಭೆಯನ್ನು ನಗಿಸಿದೆ.

ಹೇಗೆ ಗೊತ್ತಾಯಿತೆಂದು ಕೇಳು. ಅವಳ ಅಜ್ಜಿ ದ್ಯಾಮಮ್ಮ ಜೇನುಬಂಡೆಯ ಕೆಳಗೆ ಆಡು ಹೊಡೆದುಕೊಂಡು ಹೋಗುವ ಮೊದಲು ಗೂಡನ್ನು ನೋಡುತ್ತಾಳೆ. ಮೊನ್ನೆ ನನ್ನನ್ನೂ ಕರೆದೊಯ್ದಳು. "ಅಲೆ ಎದ್ರೆ ಬರಬ್ಯಾಡ್ರಿ ಅಂತ ಲೆಕ್ಕ ಸ್ವಾಮಿ. ಆಡು ತಿರುವಿಕೊಂಡು ಹೋಗ್ಬೇಕು. ನಿಮ್ಮ ಮೇಷ್ಟ್ರು ಈ ಬಂಡೆ ಕೆಳಗೆ ನಿಂತು ಗೀಟು ಹಾಕ್ಲಿ, ನೋಡಾನ!" ಎಂದು ನಕ್ಕಳು.

ಜೊತೆಗೆ ಬಂದಿದ್ದ ಚೈತ್ರಾ ನಗಲಿಲ್ಲ. ನಾನು ನೋಡಿಕೊಳ್ಳುವ ಗ್ರಂಥಾಲಯಕ್ಕೆ ಅವಳು ಆ ಕೂಟದ ದಿನದಿಂದ ಬಂದಿಲ್ಲ. ಕೇಳಿದರೆ, "ಓದಿ ಬರೆದ್ರೂ ಕದ್ದೆ ಅಂತಾರೆ. ಯಾಕೆ ಓದ್ಬೇಕು ಸಾರ್?" ಎಂದಳು.

೧೯೮೧ರಲ್ಲಿ ಕಾಲೇಜಿನಲ್ಲಿ ನಿನ್ನ ಉತ್ತರ ಪತ್ರಿಕೆಯನ್ನು ಮೇಷ್ಟ್ರು ನಕಲು ಎಂದಾಗ ಎದ್ದು ನಿಂತು ಅಲ್ಲವೆಂದವನು ನಾನೊಬ್ಬನೇ. ನೀನು ಮರೆತಿರಬಹುದು, ನಾನು ಮರೆತಿಲ್ಲ.

ನಿನ್ನ ಮಂಡಿನೋವು ಕಡಿಮೆಯಾಗಲಿ. ಮನೆಯವರಿಗೆಲ್ಲ ಒಳ್ಳೆಯದಾಗಲಿ.

ನಿನ್ನ
ಹಾಲೇಶಪ್ಪ

ತಾ.ಕ.: ನೀನು ತೀರ್ಪು ಕೊಟ್ಟ ದಿನ ನಾನು ಎರಡನೇ ಸಾಲಿನಲ್ಲಿದ್ದೆ. ಅವಳು ಆರು ತಿಂಗಳು ಕಾಡಿನಲ್ಲಿ ನೋಡಿ ಬರೆದಿಟ್ಟ ನೋಟ್‌ಬುಕ್ಕನ್ನು ಓದಿದ್ದವನೂ ನಾನೇ. ಚೈತ್ರಾ ತಿರುಗಿ ನನ್ನ ಮುಖ ನೋಡಿದಳು. ನಾನು ಅಲ್ಲಾಡಲಿಲ್ಲ. ಸಭೆ ನಕ್ಕಾಗ ಅದರ ಜೊತೆ ತುಸು ನಕ್ಕೆ ಕೂಡ. ಏಪ್ರಿಲ್ ೬ರ ಭಾನುವಾರ ಕೂಟದ ಸಭೆಯಲ್ಲಿ ಇದನ್ನು ಎದ್ದು ನಿಂತು ಹೇಳುತ್ತೇನೆ. ನೀನೂ ಬಾ. ಯಾವ ಆಧಾರದ ಮೇಲೆ ಅವಳನ್ನು ಕಳ್ಳಿ ಎಂದೆ? ಅದೇ ಮೈಕಿನಲ್ಲಿ, ಅವಳ ಎದುರಿಗೇ ಉತ್ತರ ಹೇಳು.